ಕೊಟ್ಟು, ಗಂಗಾ, ಕೊಟ್ಟು

ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿದವರ ಕಣ್ಣಿಗೆ ಮೊದಲು ಬೀಳುತ್ತಿದ್ದುದು ಗಂಗಾಲಕ್ಷ್ಮಿಯ ಮೊಣಕಾಲು. ಫ್ಲೆಕ್ಸ್ ಅಷ್ಟು ದೊಡ್ಡದಿತ್ತು. ಮುಖ ನೋಡಬೇಕೆಂದರೆ ಕತ್ತೆತ್ತಬೇಕು, ಅವಳ ಕೈಯಲ್ಲಿದ್ದ ಬಾಸ್ಕೆಟ್‌ಬಾಲ್ ನೋಡಬೇಕೆಂದರೆ ರಸ್ತೆಯ ಆಚೆ ಬದಿಗೆ ಹೋಗಿ ನಿಲ್ಲಬೇಕು. ಕೆಳಗಡೆ ಮೂಲೆಯಲ್ಲಿ ನಮ್ಮ ಕೋದಂಡರಾಮಪ್ಪನವರು ಕೈ ಮುಗಿದು ನಿಂತ ಸಣ್ಣ ಫೋಟೊ. ‘ಮಾವಿನ ನಾಡಿಗೆ ಸ್ವಾಗತ’ ಎಂದು ಬರೆಸಿದ್ದರು. ಅವಳು ಹುಟ್ಟಿದ್ದು ಪಕ್ಕದ ಮುಳಬಾಗಿಲು ತಾಲ್ಲೂಕಿನ ಆವನಿಯಲ್ಲಿ. ಇಲ್ಲಿ ತಿಂಡಿ ತಿಂದು ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಅವರಮ್ಮ ಕೊಂಡಮ್ಮನ ಮನೆ. ಅಂಥವಳಿಗೆ ಮಾವಿನ ನಾಡಿಗೆ ಸ್ವಾಗತವಂತೆ!

ಕೋದಂಡರಾಮಪ್ಪನವರದು ಮಾವಿನ ಹಣ್ಣಿನ ತಿರುಳು ತೆಗೆದು ಡಬ್ಬಕ್ಕೆ ತುಂಬಿಸುವ ಫ್ಯಾಕ್ಟರಿ. ಸೀಸನ್ನಿನಲ್ಲಿ ತೋತಾಪುರಿ, ಉಳಿದ ಕಾಲದಲ್ಲಿ ಬಾಸ್ಕೆಟ್‌ಬಾಲ್. ಆ ಮನುಷ್ಯನಿಗೆ ಬೇರೆ ಹುಚ್ಚಿಲ್ಲ. ಫ್ಯಾಕ್ಟರಿ ಹಿಂದಿನ ಖಾಲಿ ಜಾಗಕ್ಕೆ ಸಿಮೆಂಟು ಹಾಕಿಸಿ, ದೀಪದ ಕಂಬ ನೆಡಿಸಿ, ಪ್ಯಾಕಿಂಗ್ ಸೆಕ್ಷನ್ನಿನ ಹುಡುಗಿಯರನ್ನೂ ಕಾಲೇಜು ಹುಡುಗಿಯರನ್ನೂ ಸೇರಿಸಿ ಒಂದು ತಂಡ ಕಟ್ಟಿದರು. ಆ ತಂಡ ರಾಜ್ಯದ ಮಹಿಳಾ ಕ್ಲಬ್ ಲೀಗಿಗೆ ಸೇರಿದ ವರ್ಷವೇ ಬೆಂಗಳೂರಿಗೆ ಹೋಗಿ ಗಂಗಾಲಕ್ಷ್ಮಿಯನ್ನು ಕರೆತಂದರು. ಮೂರು ವರ್ಷದ ಒಪ್ಪಂದ. ಮೊತ್ತ ಎಷ್ಟೆಂದು ಅವರು ಬಾಯಿ ಬಿಡಲಿಲ್ಲ, ಹಾಗಾಗಿ ಊರಿನವರು ತಮಗೆ ತೋಚಿದಷ್ಟು ಹೇಳಿಕೊಂಡರು. ಟೀ ಅಂಗಡಿಯಲ್ಲಿ ಹುಟ್ಟಿದ ಮೊತ್ತ ತರಕಾರಿ ಮಾರ್ಕೆಟ್ಟಿಗೆ ಬರುವಷ್ಟರಲ್ಲಿ ದುಪ್ಪಟ್ಟಾಗಿರುತ್ತಿತ್ತು. ಇಷ್ಟಂತೂ ನಿಜ, ಈ ಕಡೆ ಆಟ ಆಡುವ ಹೆಣ್ಣುಮಗಳೊಬ್ಬಳಿಗೆ ಅಷ್ಟು ಕೊಟ್ಟವರನ್ನು ನಾವ್ಯಾರೂ ನೋಡಿರಲಿಲ್ಲ.

ನಾನು ಅನಿತ, ಇಲ್ಲಿನ ಹೈಸ್ಕೂಲಿನ ಪಿ.ಟಿ. ಟೀಚರ್. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮಕ್ಕಳು ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ. ಸುಳ್ಳೇನಲ್ಲ. ನಮ್ಮ ಮಹಡಿ ಮೇಲಿನ ರೂಮನ್ನು ಫ್ಯಾಕ್ಟರಿಯವರು ಗಂಗಾಳಿಗೆಂದು ಬಾಡಿಗೆಗೆ ಕೇಳಿದಾಗ, ಸ್ಟಾರು ಗೀರು ಅಂತ ನಖರಾ ಮಾಡಿದರೆ ಅವತ್ತೇ ಸಾಮಾನು ಬೀದಿಗೆ ಎಂದು ಮೊದಲೇ ಹೇಳಿದ್ದೆ. ಅವಳು ಬಂದವಳೇ ಪೊರಕೆ ಎಲ್ಲಿದೆ ಅಕ್ಕ ಎಂದು ಕೇಳಿದಳು. ಬಾಗಿಲಿಗೆ ತಲೆ ಬಗ್ಗಿಸಿ ಒಳಗೆ ಹೋಗಿ, ರೂಮನ್ನೂ ಮೆಟ್ಟಿಲನ್ನೂ ಗುಡಿಸಿ, ನನ್ನ ಕೈಗೆ ಪೊರಕೆ ವಾಪಸ್ಸು ಕೊಟ್ಟಳು. ನನ್ನ ಬಾಯಿ ಅಲ್ಲಿಗೆ ಮುಚ್ಚಿತು.

ಮುಚ್ಚಿದ ಬಾಯಿ ಮತ್ತೆ ತೆರೆದದ್ದು ಅವಳನ್ನು ಹೊಗಳುವುದಕ್ಕೇ. ಮೂವತ್ತು ದಾಟಿದ ಹೆಂಗಸು, ಬಲ ಮೊಣಕಾಲಿಗೆ ಆಪರೇಷನ್ ಆಗಿದೆ, ಬೆಂಗಳೂರಿನ ತಂಡದವರು ಇನ್ನು ಇವಳ ಕೈಲಾಗುವುದಿಲ್ಲ ಎಂದು ಬೆಂಚಿನ ಮೇಲೆ ಕೂರಿಸಿದ್ದರು. ಅವಳು ಬೆಳಕು ಹರಿಯುವ ಮುಂಚೆ ಎದ್ದು, ಆ ಕಾಲಿಗೆ ಪಟ್ಟಿ ಸುತ್ತಿಕೊಂಡು, ರೈಲ್ವೆ ಗೇಟಿನ ತನಕ ಓಡಿ ಬರುತ್ತಿದ್ದಳು. ಆಮೇಲೆ ಕೋರ್ಟಿಗೆ ಹೋಗಿ ಒಬ್ಬಳೇ ಬಾಲ್ ಹಾಕುತ್ತಿದ್ದಳು. ಬಿದ್ದದ್ದನ್ನು ತಾನೇ ಓಡಿ ತರುತ್ತಿದ್ದಳು, ಮತ್ತೆ ಹಾಕುತ್ತಿದ್ದಳು. ಹತ್ತು ಮಕ್ಕಳನ್ನು ಮೈದಾನ ಸುತ್ತಿಸಬೇಕಾದರೆ ನನ್ನ ಗಂಟಲು ಹರಿಯುತ್ತದೆ. ಇವಳಿಗೆ ಏಳು ಎನ್ನುವವರಿಲ್ಲ, ಓಡು ಎನ್ನುವವರಿಲ್ಲ. ನೋಡುತ್ತ ನೋಡುತ್ತ ನನಗೆ ಅವಳ ಮೇಲೆ ಪ್ರೀತಿಯೇ ಹುಟ್ಟಿಬಿಟ್ಟಿತು.

ನನಗಿಂತ ಹೆಚ್ಚು ಅವಳಿಗೆ ಅಂಟಿಕೊಂಡವರು ನಮ್ಮ ಅತ್ತೆ ವೆಂಕಟರತ್ನಮ್ಮ. ಅತ್ತೆ ಆಂಧ್ರದ ಗಡಿ ಕಡೆಯವರು. ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಆದರೆ ಬಾಯಲ್ಲಿ ಬರುವುದು ನನ್ನನ್ನು ಬೈಯಬೇಕಾದಾಗ ಮಾತ್ರ. ಉಳಿದದ್ದೆಲ್ಲ ತೆಲುಗು. ಗಂಗಾಳ ಮನೆಮಾತೂ ತೆಲುಗೇ. ಬೆಂಗಳೂರಿನ ತಂಡದಲ್ಲಿ ಎಷ್ಟೋ ವರ್ಷ ಅದನ್ನು ಆಡುವವರಿಲ್ಲದೆ ಇದ್ದವಳು, ಇಲ್ಲಿ ಬಂದ ಮೇಲೆ ಅತ್ತೆಯ ಜೊತೆ ಬೆಳಗಿನ ಕಾಫಿಯಿಂದ ರಾತ್ರಿ ಊಟದವರೆಗೂ ತೆಲುಗಿನಲ್ಲೇ ಹರಟಿದಳು. ಅತ್ತೆಗೆ ಕಣ್ಣಿನ ಪೊರೆ, ಟಿವಿ ಮಸುಕು ಮಸುಕು. ಗಂಗಾ ಪಕ್ಕದಲ್ಲಿ ಕೂತು ಧಾರಾವಾಹಿಯಲ್ಲಿ ಯಾರು ಅಳುತ್ತಿದ್ದಾರೆ, ಯಾರು ಅಳಿಸುತ್ತಿದ್ದಾರೆ ಎಂದು ಹೇಳುತ್ತಿದ್ದಳು.

ಇಂಥವಳು ಕೋರ್ಟಿಗೆ ಇಳಿದರೆ ಏನಾಗುತ್ತಿತ್ತೋ ದೇವರಿಗೇ ಗೊತ್ತು.

ಮೊದಲ ಮ್ಯಾಚು ನಮ್ಮದೇ ಕೋರ್ಟಿನಲ್ಲಿ. ಮುಳಬಾಗಿಲಿನಿಂದ, ಗಡಿ ಕಡೆಯ ಹಳ್ಳಿಗಳಿಂದ ಟೆಂಪೊ ಮಾಡಿಕೊಂಡು ಜನ ಬಂದಿದ್ದರು. ಗಂಗಾಳ ಕೈಗೆ ಬಾಲ್ ಬಂತು. ಅವಳು ಎರಡೂ ಕೈ ಎತ್ತಿದಳು, ಎತ್ತಿದ ಕೈ ಅರ್ಧಕ್ಕೆ ನಿಂತಿತು, ಬಾಲ್ ಬುಟ್ಟಿಗೂ ಹೋಗಲಿಲ್ಲ, ಜೊತೆಯವಳ ಕೈಗೂ ಹೋಗಲಿಲ್ಲ, ನೇರ ಗೆರೆಯಾಚೆ ಕೂತಿದ್ದವರ ಮಡಿಲಿಗೆ ಬಿತ್ತು. ಮೊದಲ ಮ್ಯಾಚಿನ ಗಾಬರಿ ಎಂದುಕೊಂಡೆವು. ಮುಂದಿನದರಲ್ಲೂ ಹಾಗೇ. ಮಾಲೂರಿನಲ್ಲಿ ಆಡಿದಾಗ ನಮ್ಮ ಜನ ಅಲ್ಲಿಗೂ ಹಿಂದೆ ಹೋದರು, ಅಲ್ಲೂ ಹಾಗೇ. ಬೆಂಗಳೂರಿನ ಒಂದು ಮ್ಯಾಚಿನಲ್ಲಿ ಮಾತ್ರ ಚೆನ್ನಾಗಿ ಆಡಿದಳಂತೆ, ಆದರೆ ಅವತ್ತು ಇಲ್ಲಿಂದ ನೋಡಲು ಹೋದವರೇ ಇರಲಿಲ್ಲ. ಅದಕ್ಕೂ ಮಾತು ಬಂತು. ನೋಡಿ, ಬೆಂಗಳೂರಿನವರ ಮುಂದೆ ಆಡ್ತಾಳೆ, ನಮ್ಮ ಮುಂದೆ ಆಡಲ್ಲ, ಕೊಬ್ಬು ಎಂದರು.

ಊರಿನ ಬಾಯಿಗೆ ಬೀಗ ಹಾಕುವವರು ಯಾರು? ಅವಳ ಒಂದೊಂದು ಬುಟ್ಟಿಗೆ ಎಷ್ಟು ಲಾರಿ ಮಾವು ಬೀಳುತ್ತದೆ ಎಂದು ಲೆಕ್ಕ ಹಾಕುವುದೇ ಹಣ್ಣಿನ ಮಂಡಿಯಲ್ಲಿ ಒಂದು ಆಟವಾಯಿತು. ಬಸ್ ಸ್ಟ್ಯಾಂಡಿನ ಫ್ಲೆಕ್ಸಿನ ಮೊಣಕಾಲಿನ ಮೇಲೆ ಯಾರೋ ಪುಣ್ಯಾತ್ಮರು ಸೀಮೆಸುಣ್ಣದಲ್ಲಿ ಬ್ಯಾಂಡೇಜ್ ಪಟ್ಟಿ ಬಿಡಿಸಿದ್ದರು. ನಾನು ಸೆರಗಿನಲ್ಲಿ ಒರೆಸಿ ಬಂದೆ. ಅಲ್ಲಿ ನಿಂತು ನಕ್ಕ ಆಟೊದವನಿಗೆ ನಾನು ಹೇಳಿದ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ.

ಇನ್ನು ಕೋಚ್ ಚಂದ್ರು. ಮೈಸೂರು ಕಡೆಯವರು, ಒಳ್ಳೆಯ ಮನುಷ್ಯ, ಆದರೆ ಕನ್ನಡದ ವಿಷಯದಲ್ಲಿ ಹಟಮಾರಿ. ಆಟದಲ್ಲಿ ಒಂದು ಇಂಗ್ಲಿಷ್ ಪದ ಬಳಸಬಾರದು ಎಂಬುದು ಅವರ ಪಣ. ಎಲ್ಲದಕ್ಕೂ ಕನ್ನಡದ ಕರೆ ಕಟ್ಟಿದ್ದರು. ಎದುರಾಳಿಯನ್ನು ತಡೆಯಬೇಕಾದರೆ ‘ಅಡ್ಡ’. ಹಿಂದೆ ಸರಿಯಬೇಕಾದರೆ ‘ಹಿಂದೆ’. ಬಾಲನ್ನು ಜೊತೆಯವಳಿಗೆ ಕೊಟ್ಟು ತಾನು ಮುಂದೆ ಓಡಬೇಕಾದರೆ ‘ಕೊಟ್ಟು ಓಡು’. ಆಟದ ರಭಸದಲ್ಲಿ ಅಷ್ಟುದ್ದ ಕೂಗಲು ಆಗುತ್ತದೆಯೇ? ಅದು ಬರೀ ‘ಕೊಟ್ಟು’ ಆಯಿತು. ಗೆರೆಯ ಪಕ್ಕ ಓಡಾಡುತ್ತ, ಕತ್ತಿನ ನರ ಉಬ್ಬಿಸಿಕೊಂಡು, ಕೊಟ್ಟು, ಗಂಗಾ, ಕೊಟ್ಟು ಎಂದು ಕೂಗುತ್ತಿದ್ದರು. ಜನರೂ ಅದನ್ನೇ ಕೂಗುತ್ತಿದ್ದರು. ಅದರಿಂದ ಅವರಿಗಾದ ಸಂತೋಷ ಅಷ್ಟಿಷ್ಟಲ್ಲ. ನೋಡಿ ಮೇಡಂ, ಆಡುವವರಿಗಷ್ಟೇ ಅಲ್ಲ, ನೋಡುವವರಿಗೂ ನನ್ನ ಕರೆ ಕಲಿಸಿಬಿಟ್ಟೆ ಎಂದು ಒಮ್ಮೆ ನನ್ನ ಹತ್ತಿರ ಎದೆಯುಬ್ಬಿಸಿಕೊಂಡು ಹೇಳಿದರು. ನಾನೂ ಹೂಂಗುಟ್ಟಿದೆ. ನನ್ನ ಬುದ್ಧಿಗೆ ಅವತ್ತು ಏನು ಮಂಕು ಕವಿದಿತ್ತೋ.

ಲೀಗು ಮುಗಿಯಲು ಒಂದೇ ಮ್ಯಾಚು ಉಳಿದಾಗ ಕೋದಂಡರಾಮಪ್ಪನವರ ಅಣ್ಣನ ಮಗ ವೇಣು ಕೋರ್ಟಿಗೆ ಬಂದ. ಫ್ಯಾಕ್ಟರಿಯ ವ್ಯವಹಾರವೆಲ್ಲ ಅವನದೇ. ಕೆಟ್ಟವನಲ್ಲ, ಆದರೆ ಮಾವಿನ ತೂಕ ನೋಡಿ ನೋಡಿ ಮನುಷ್ಯರನ್ನೂ ತಕ್ಕಡಿಗೆ ಹಾಕುವ ಅಭ್ಯಾಸ. ಹುಡುಗಿಯರೆಲ್ಲರ ಎದುರಿಗೇ ಹೇಳಿದ, ಕೊನೆಯ ಮ್ಯಾಚಿನಲ್ಲಿ ಎರಡೂ ತಂಡ ಸೇರಿಸಿ ಎಲ್ಲರಿಗಿಂತ ಹೆಚ್ಚು ಬುಟ್ಟಿ ಗಂಗಕ್ಕನದೇ ಆಗಬೇಕು, ಇಲ್ಲದಿದ್ದರೆ ಈ ಒಪ್ಪಂದ ಈ ವರ್ಷಕ್ಕೇ ಮುಗಿಸಿ ಎಂದು ಚಿಕ್ಕಪ್ಪನಿಗೆ ತಾನೇ ಹೇಳುತ್ತೇನೆ ಎಂದು. ಗಂಗಾ ಬೆವರು ಒರೆಸಿಕೊಂಡು ನಿಂತಿದ್ದಳು. ಮುಖ ಸಪ್ಪಗೆ ಮಾಡಲಿಲ್ಲ, ಸಿಟ್ಟೂ ಆಗಲಿಲ್ಲ.

“ನೀವ್ಯಾಕೆ ಹೇಳೋದು ವೇಣು ಅವ್ರೇ, ಮ್ಯಾಚ್ ಮುಗಿದ್ಮೇಲೆ ನಾನೇ ಹೇಳ್ತೀನಿ. ಆಡ್ದೇ ಇದ್ದಿದ್ದಕ್ಕೆ ದುಡ್ಡು ಬೇಡ ಅಂತ.”

ಅವತ್ತು ಸಂಜೆ ಅವಳು ಮಹಡಿಯ ಮೆಟ್ಟಿಲ ಮೇಲೆ ಕೂತು ಮೊಣಕಾಲಿಗೆ ಐಸ್ ಇಟ್ಟುಕೊಂಡಿದ್ದಳು. ನಾನು ಪಕ್ಕದಲ್ಲಿ ಕೂತು ಬಾಯಿಗೆ ಬಂದಂತೆ ಬೈದೆ. ವೇಣುವನ್ನಲ್ಲ, ಅವಳನ್ನೇ. ಇದು ಕಳೆದುಕೊಂಡರೆ ಇನ್ಯಾವ ತಂಡ ನಿನ್ನನ್ನು ಕರೆಯುತ್ತದೆ, ಆಟ ಬಿಟ್ಟು ಏನು ಮಾಡುತ್ತೀಯ ಎಂದೆ. ಅವಳಿಗೆ ಗೊತ್ತಿತ್ತು. ಅದು ತನ್ನ ಕೊನೆಯ ತಂಡ, ಅಮ್ಮನಿಗೆ ಹತ್ತಿರದಲ್ಲಿ ಆಡಿ ಆಟ ಮುಗಿಸಬೇಕು ಎಂಬ ಆಸೆಯಿಂದಲೇ ಬಂದದ್ದು ಎಂದಳು. ತಿಂದ ಅನ್ನಕ್ಕೆ ನ್ಯಾಯ ಮಾಡದೆ ಇಲ್ಲಿ ಉಳಿಯಲು ಮಾತ್ರ ತನ್ನಿಂದಾಗದು ಎಂದಳು. ಆಮೇಲೆ ಐಸನ್ನು ಮೊಣಕಾಲಿನ ಇನ್ನೊಂದು ಬದಿಗೆ ಸರಿಸಿ ಹೇಳಿದಳು:

“ಬಾಲ್ ಕೈಗೆ ಬಂದ ತಕ್ಷಣ ನನ್ನೊಳಗೆ ಇಬ್ರು ಜಗಳ ಆಡ್ತಾರೆ ಅಕ್ಕ. ಒಬ್ಳು ಹಾಕು ಅಂತಾಳೆ, ಒಬ್ಳು ಬೇಡ ಅಂತಾಳೆ. ಮುಂಚೆ ಹೀಗಿರ್ಲಿಲ್ಲ. ದುಡ್ಡಿನ ಭಾರ ಇರ್ಬೇಕು.”

ಬೈದದ್ದಕ್ಕೆ ಬದಲಾಗಿ ಒಂದು ಲೋಟ ಹಾಲು ಕಾಯಿಸಿ ಕೊಟ್ಟೆ.

ಭಾನುವಾರ ಬಂತು. ಹುಣಸೆಹಣ್ಣಿನ ಕಾಲ. ಅತ್ತೆಯ ತವರಿನಿಂದ ಬಂದ ಹಣ್ಣನ್ನು ಅಂಗಳದಲ್ಲಿ ಗೋಣಿ ಹಾಸಿ ಸುರಿದಿದ್ದೆವು. ಸಿಪ್ಪೆ ಬಿಡಿಸಿದ ಹಣ್ಣನ್ನು ಕಲ್ಲಿನ ಮೇಲಿಟ್ಟು ಮರದ ಕೊಡತಿಯಿಂದ ಜಜ್ಜಿ ಬೀಜ ತೆಗೆಯಬೇಕು. ಆ ಕೆಲಸಕ್ಕೆ ಗಂಗಾ ತಾನಾಗಿಯೇ ಕೂತಿದ್ದಳು. ಅತ್ತೆ ಎದುರಿಗೆ ಕೂತು ಕಲ್ಲಿನ ಮೇಲೆ ಹಣ್ಣು ಇಡುತ್ತ, ಇಟ್ಟಾಗಲೆಲ್ಲ ಕೊಟ್ಟು ಎನ್ನುತ್ತಿದ್ದರು. ತೆಲುಗಿನಲ್ಲಿ ಕೊಟ್ಟು ಎಂದರೆ ಹೊಡಿ. ನಾನು ಒಳಗೆ ಮುದ್ದೆ ತೊಳಸುತ್ತಿದ್ದೆ. ಬೀಜ ತೆಗೆದ ಹಣ್ಣಿನ ಸ್ಟೀಲ್ ತಟ್ಟೆ ಗಂಗಾಳ ಪಕ್ಕದಲ್ಲಿತ್ತು. ಮುದ್ದೆ ಆರಿಹೋಗುತ್ತದೆ ಎಂದು ಒಳಗಿನಿಂದಲೇ ಕೂಗಿದೆ.

“ಗಂಗಾ, ಆ ತಟ್ಟೆ ಅತ್ತೆಗೆ ಕೊಟ್ಟು ಊಟಕ್ಕೆ ಬಾ.”

ಢಣ್ ಎಂದು ಸದ್ದಾಯಿತು. ಓಡಿ ಬಂದು ನೋಡಿದರೆ ತಟ್ಟೆ ನೆಗ್ಗಿದೆ, ಹುಣಸೆಹಣ್ಣು ಅತ್ತೆಯ ಸೀರೆಯ ಮೇಲೆಲ್ಲ ಹಾರಿದೆ, ಗಂಗಾ ಒಂದು ಕೈಯಲ್ಲಿ ತಟ್ಟೆ ಮತ್ತೊಂದರಲ್ಲಿ ಕೊಡತಿ ಹಿಡಿದು ಹಾಗೇ ಕೂತಿದ್ದಾಳೆ. ತಟ್ಟೆಯನ್ನು ಅತ್ತೆಗೆ ಕೊಡಲು ಎತ್ತಿದವಳು ಅದರ ಮೇಲೆಯೇ ಕೊಡತಿಯಿಂದ ಹೊಡೆದಿದ್ದಳು. ಅತ್ತೆ ಬೈಯುವುದಕ್ಕೆಂದು ಕನ್ನಡ ಹುಡುಕುತ್ತಿದ್ದರು. ನಾನು ಮಾತ್ರ ಗಂಗಾಳ ಮುಖವನ್ನೇ ನೋಡಿದೆ. ಕಣ್ಣು ಅಗಲ, ತುಟಿ ಅರ್ಧ ತೆರೆದು, ಎತ್ತಿದ ಕೈ ಎಲ್ಲಿ ಇಳಿಸಬೇಕೋ ತಿಳಿಯದೆ ನಿಂತಿದೆ. ಆ ಮುಖವನ್ನು ನಾನು ಲೀಗಿನ ಉದ್ದಕ್ಕೂ ನೋಡಿದ್ದೆ. ಬಾಲ್ ಕೈಗೆ ಬಂದಾಗಲೆಲ್ಲ ಅದೇ ಮುಖ.

ಅಯ್ಯೋ ನನ್ನ ಕರ್ಮವೇ, ಜನ ಕೂಗುತ್ತಿದ್ದುದು ಚಂದ್ರು ಕಲಿಸಿದ ಕರೆಯನ್ನಲ್ಲ. ಗಡಿ ಕಡೆಯ ಜನ, ಬಾಯಿಗೆ ಬಂದ ತೆಲುಗಿನಲ್ಲಿ, ಹೊಡಿ ಗಂಗಾ, ಬುಟ್ಟಿಗೆ ಹೊಡಿ ಎಂದು ಕೂಗುತ್ತಿದ್ದರು. ಅದೇ ಗಳಿಗೆಯಲ್ಲಿ ಚಂದ್ರು ಕನ್ನಡದಲ್ಲಿ, ಜೊತೆಯವಳಿಗೆ ಕೊಟ್ಟು ಓಡು ಎಂದು ಕೂಗುತ್ತಿದ್ದರು. ಪದ ಒಂದೇ. ಒಂದು ಕಿವಿಗೆ ಹಾಕು, ಇನ್ನೊಂದು ಕಿವಿಗೆ ಕೊಡು. ಹುಟ್ಟಿದಾಗಿನಿಂದ ಕೇಳಿದ ಮಾತೂ ಅದೇ, ಕೋಚ್ ಹೇಳುವ ಮಾತೂ ಅದೇ. ಬೆಂಗಳೂರಿನಲ್ಲಿ ಚೆನ್ನಾಗಿ ಆಡಿದ್ದೇಕೆ ಎಂದರೆ ಅಲ್ಲಿ ಕೂಗಲು ನಮ್ಮವರು ಯಾರೂ ಇರಲಿಲ್ಲ. ಉಳಿದ ಹುಡುಗಿಯರಿಗೆ ಈ ತೊಂದರೆ ಇರಲಿಲ್ಲ, ಅವರ ಹೆಸರು ಹಿಡಿದು ಕೂಗುವವರೇ ಇಲ್ಲವಲ್ಲ. ಎರಡು ಭಾಷೆಯೂ ಬರುವ ನಮ್ಮಂಥವರು ಒಂದೇ ಪದವನ್ನು ಎರಡು ಕಿವಿಯಲ್ಲಿ ಕೇಳಿಕೊಂಡು, ಅವರವರಿಗೆ ಬೇಕಾದ ಅರ್ಥ ಮಾಡಿಕೊಂಡು, ಇವಳನ್ನು ಬೈದುಕೊಂಡು ಕೂತಿದ್ದೆವು.

ಗಂಗಾಳಿಗೆ ಹೇಳಿದೆ. ಅವಳು ಮೊದಲು ನಂಬಲಿಲ್ಲ. ಆಮೇಲೆ ಕೊಡತಿ ಕೆಳಗಿಟ್ಟು ನಕ್ಕಳು, ನಗುತ್ತ ನಗುತ್ತ ಅತ್ತೆಯ ತೊಡೆಯ ಮೇಲೆ ಮುಖವಿಟ್ಟು ಅತ್ತಳು. ಅತ್ತೆಗೆ ಆಟದ ವಿಷಯ ಏನೂ ಅರ್ಥವಾಗದೆ, ತಟ್ಟೆ ಹೋದರೆ ಹೋಗಲಿ ಬಿಡು ಅಮ್ಮಾಯಿ ಎಂದು ತಲೆ ಸವರಿದರು.

ಊಟ ಕೂಡ ಮಾಡದೆ ನಾನು ಚಂದ್ರು ಅವರ ಮನೆಗೆ ನುಗ್ಗಿದೆ. ಎರಡು ವರ್ಷದಿಂದ ಈ ಊರಿನಲ್ಲಿದ್ದೀರಿ, ಟೀ ಅಂಗಡಿಯವನು ತೆಲುಗಿನಲ್ಲಿ ಏನು ಕೇಳುತ್ತಾನೆ ಎಂದಾದರೂ ಕಿವಿಗೆ ಹಾಕಿಕೊಳ್ಳಬಾರದಾ ಎಂದು ತರಾಟೆಗೆ ತೆಗೆದುಕೊಂಡೆ. ವಿಷಯ ತಿಳಿದ ಮೇಲೆ ಆ ಮನುಷ್ಯ ಕುರ್ಚಿಯಲ್ಲಿ ಕುಸಿದು ಕೂತರು. ತಮ್ಮ ಕರೆಯಿಂದ ಗಂಗಾಳಿಗೆ ತೊಂದರೆಯಾಯಿತು ಎಂಬ ನೋವು ಒಂದು ಕಡೆ, ಜನ ತಮ್ಮ ಕರೆ ಕಲಿತಿರಲೇ ಇಲ್ಲ ಎಂಬ ನೋವು ಇನ್ನೊಂದು ಕಡೆ. ಎರಡನೆಯದೇ ಹೆಚ್ಚು ಚುಚ್ಚಿತು ಎಂದು ನನ್ನ ಅನುಮಾನ. ನಾಳೆಯಿಂದಲೇ ಪದ ಬದಲಾಯಿಸುತ್ತೇನೆ, ‘ದಾಟಿಸು’ ಎಂದು ಕೂಗುತ್ತೇನೆ, ಜನರಿಗೂ ಮೈಕಿನಲ್ಲಿ ವಿಷಯ ತಿಳಿಸೋಣ ಎಂದರು.

ಗಂಗಾ ನನ್ನ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದಳು.

“ಬೇಡ ಸರ್. ಮೈಕಲ್ಲಿ ಹೇಳಿದ್ರೆ ದುಡ್ಡು ತಗೊಂಡು ಈಗ ನೆಪ ಹೇಳ್ತಾಳೆ ಅಂತಾರೆ. ಅದೇ ಪದ ಇರ್ಲಿ. ಎದುರಾಳಿಗಳಿಗೂ ಅದು ಗೊತ್ತು, ನೀವು ಕೊಟ್ಟು ಅಂದ್ರೆ ನಾನು ಪಾಸ್ ಮಾಡ್ತೀನಿ ಅಂತ ಅವ್ರು ಕಾಯ್ತಾರೆ. ಇನ್ಮೇಲೆ ಕನ್ನಡದ ಕೊಟ್ಟಾ, ತೆಲುಗಿನ ಕೊಟ್ಟಾ, ಅದು ನಂಗೆ ಬಿಡಿ.”

ಚಂದ್ರು ಅವಳ ಮುಖ ನೋಡಿದರು, ನನ್ನ ಮುಖ ನೋಡಿದರು. ಬೇರೆ ಯಾರೇ ಆಗಿದ್ದರೂ ಇಂಥದೊಂದು ಕಾರಣ ಸಿಕ್ಕಿದ್ದೇ ತಡ ಊರೆಲ್ಲ ಸಾರಿಕೊಂಡು ಬರುತ್ತಿದ್ದರು, ನಾನಾಗಿದ್ದರೆ ಇನ್ನೊಂದು ಫ್ಲೆಕ್ಸೇ ಹಾಕಿಸುತ್ತಿದ್ದೆ. ಇವಳು ಅದನ್ನು ಮಡಿಸಿ ಒಳಗಿಟ್ಟುಕೊಂಡಳು.

ಆ ವಾರವೆಲ್ಲ ಬೆಳಗ್ಗೆ ಕೋರ್ಟಿನಲ್ಲಿ ನಡೆದದ್ದನ್ನು ನೋಡಿದ್ದರೆ ನೀವೂ ನಗುತ್ತಿದ್ದಿರಿ. ಒಂದು ಬದಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಅತ್ತೆಯನ್ನು ಕೂರಿಸಿದೆವು. ಮತ್ತೊಂದು ಬದಿಯಲ್ಲಿ ಚಂದ್ರು. ಅತ್ತೆ ಕೋಲು ನೆಲಕ್ಕೆ ಕುಟ್ಟಿ ತೆಲುಗಿನ ಕೊಟ್ಟು ಕೂಗಬೇಕು, ಚಂದ್ರು ಕನ್ನಡದ ಕೊಟ್ಟು ಕೂಗಬೇಕು. ನಡುವೆ ಗಂಗಾ. ಅವಳು ಇಬ್ಬರ ಮಾತನ್ನೂ ಕೇಳಬಾರದು, ಬುಟ್ಟಿಯ ಕೆಳಗೆ ಯಾರಿದ್ದಾರೆ, ಯಾರ ಮುಂದೆ ಯಾರಿಲ್ಲ ಎಂದು ಕಣ್ಣಿನಲ್ಲೇ ನೋಡಿ ನಿರ್ಧರಿಸಬೇಕು. ಮೊದಲ ದಿನ ಕೈ ಮತ್ತೆ ಮತ್ತೆ ಅರ್ಧಕ್ಕೆ ನಿಂತಿತು. ಅವಳು ಹಲ್ಲು ಕಚ್ಚಿ ಇನ್ನೊಮ್ಮೆ ಎಂದಳು. ಮೊಣಕಾಲು ಊದಿಕೊಂಡಿತು, ಇನ್ನೊಮ್ಮೆ ಎಂದಳು. ಅತ್ತೆಗೆ ಗಂಟಲು ಕಟ್ಟಿತು, ಅವರಿಗೆ ಶುಂಠಿ ಕಷಾಯ ಕುಡಿಸಿ ಇನ್ನೊಮ್ಮೆ ಎಂದಳು. ವಾರದ ಕೊನೆಗೆ ಅತ್ತೆ ಮತ್ತು ಚಂದ್ರು ಒಟ್ಟಿಗೇ ಕಿರುಚಿದರೂ ಅವಳ ಕಣ್ಣು ಅಲುಗುತ್ತಿರಲಿಲ್ಲ.

ಅವಳ ಜೊತೆ ಅಭ್ಯಾಸಕ್ಕೆ ಬರುತ್ತಿದ್ದವಳು ಶಿವಾನಿ, ಪ್ಯಾಕಿಂಗ್ ಸೆಕ್ಷನ್ನಿನ ಹುಡುಗಿ. ಒಬ್ಬಳೇ ಇದ್ದಾಗ ಚೆನ್ನಾಗಿ ಹಾಕುತ್ತಾಳೆ, ಜನರಿದ್ದರೆ ಬಾಲನ್ನು ಕಂಡು ಓಡಿಹೋಗುತ್ತಾಳೆ. ಇಡೀ ಲೀಗಿನಲ್ಲಿ ಒಂದು ಬುಟ್ಟಿಯನ್ನೂ ಹಾಕಿರಲಿಲ್ಲ. ನಿನಗೆ ಕೊಟ್ಟರೆ ಹಾಕುತ್ತೀಯಾ ಎಂದು ಗಂಗಾ ಅವಳನ್ನು ದಿನಾ ಕೇಳುತ್ತಿದ್ದಳು. ಅವಳು ದಿನಾ ತಲೆ ತಗ್ಗಿಸಿಕೊಂಡು, ನೀವೇ ಹಾಕಿ ಅಕ್ಕ ಎನ್ನುತ್ತಿದ್ದಳು.

ಕೊನೆಯ ಮ್ಯಾಚು ನಮ್ಮ ಕೋರ್ಟಿನಲ್ಲಿ, ಬೆಂಗಳೂರಿನ ತಂಡದ ಎದುರು. ಕೋಲಾರದಿಂದಲೂ ಜನ ಬಂದಿದ್ದರು, ಬಹಳಷ್ಟು ಮಂದಿ ಅವಳು ಸೋಲುವುದನ್ನು ನೋಡಲು ಬಂದವರೇ. ಅತ್ತೆಗೆ ಜ್ವರದ ಹಾಗಿತ್ತು, ಮನೆಯಲ್ಲೇ ಬಿಟ್ಟು ಬಂದಿದ್ದೆ. ಕೋದಂಡರಾಮಪ್ಪನವರು ಮೊದಲ ಸಾಲಿನಲ್ಲಿ ಕೂತಿದ್ದರು. ಅವರ ಹಿಂದೆ ವೇಣು, ವೇಣುವಿನ ಪಕ್ಕದಲ್ಲಿ ನಾನು. ಬೇಕೆಂದೇ ಅಲ್ಲಿ ಕೂತಿದ್ದೆ.

ಗಂಗಾಳ ಕೈಗೆ ಬಾಲ್ ಬಂತು. ಎಂದಿನಂತೆ ಜನ ಕೊಟ್ಟು ಎಂದರು, ಚಂದ್ರು ಕೊಟ್ಟು ಎಂದರು. ಬೆಂಗಳೂರಿನ ಹುಡುಗಿಯರಿಗೆ ಚಂದ್ರು ಅವರ ಕರೆ ಗೊತ್ತಿತ್ತು. ಇನ್ನೇನು ಪಾಸ್ ಮಾಡುತ್ತಾಳೆ ಎಂದು ಅವಳನ್ನು ಕಾಯುತ್ತಿದ್ದ ಇಬ್ಬರೂ ಜೊತೆಯವಳ ಕಡೆ ವಾಲಿದರು. ಗಂಗಾ ಅಲ್ಲೇ ನೆಗೆದು ಹಾಕಿದಳು. ಬಾಲ್ ಬಲೆಯೊಳಗೆ ಇಳಿದ ಸದ್ದು ನನಗೆ ಕೇಳಿಸಿತು. ಮತ್ತೊಮ್ಮೆ ಬಂತು, ಮತ್ತೊಮ್ಮೆ ಹಾಕಿದಳು. ದೇವರೇ, ಆ ಕೈಯ ಚೆಂದವೇ! ಬೆಂಗಳೂರಿನವರು ತಬ್ಬಿಬ್ಬಾಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರು ಅವಳನ್ನು ತಡೆಯಲು ಬಂದರೆ ಅದೇ ಕೊಟ್ಟು ಕನ್ನಡದ್ದಾಗುತ್ತಿತ್ತು, ಬಾಲ್ ಪಕ್ಕದವಳ ಕೈಯಲ್ಲಿರುತ್ತಿತ್ತು. ನಾನು ವಯಸ್ಸನ್ನು ಮರೆತು ಕುರ್ಚಿಯ ಮೇಲೆ ಹತ್ತಿ ವಿಷಲ್ ಊದಿದೆ. ರೆಫರಿ ನನ್ನನ್ನು ಗದರಿಸಿ ವಿಷಲ್ ಕಿತ್ತುಕೊಂಡ.

ಆದರೆ ಅವರೇನು ಸಾಮಾನ್ಯದವರೇ? ಅವರ ಕ್ಯಾಪ್ಟನ್ನೂ ಹಾಕುತ್ತಲೇ ಹೋದಳು. ಕೊನೆಯ ಗಳಿಗೆಗೆ ಬಂದಾಗ ಅವಳದೂ ಗಂಗಾಳದೂ ಬುಟ್ಟಿ ಸಮಸಮ, ನಾವು ಒಂದು ಪಾಯಿಂಟು ಹಿಂದೆ, ಬಾಲ್ ಗಂಗಾಳ ಕೈಯಲ್ಲಿ. ವೇಣು ಮುಂದಕ್ಕೆ ಬಗ್ಗಿ, ಇದೊಂದು ಬಿದ್ದರೆ ಮ್ಯಾಚೂ ನಮ್ಮದು, ಎಲ್ಲರಿಗಿಂತ ಹೆಚ್ಚು ಗಂಗಕ್ಕನದೇ ಎಂದ. ಅವನ ದನಿಯಲ್ಲೂ ಆಸೆ ಇತ್ತು, ಸುಳ್ಳು ಹೇಳಬಾರದು.

ಇಡೀ ಕೋರ್ಟು ಎದ್ದು ನಿಂತಿತು. ಕೊಟ್ಟು, ಗಂಗಾ, ಕೊಟ್ಟು. ಗೆರೆಯ ಪಕ್ಕದಲ್ಲಿ ಚಂದ್ರು ಕೂಗುತ್ತಿದ್ದರು, ಅದೇ ಪದ. ಬೆಂಗಳೂರಿನವರಿಗೆ ಅಷ್ಟು ಹೊತ್ತಿಗೆ ಒಂದು ವಿಷಯ ಖಾತ್ರಿಯಾಗಿತ್ತು, ಇವಳೇ ಹಾಕುತ್ತಾಳೆ ಎಂದು. ಕ್ಯಾಪ್ಟನ್ನೂ ಇನ್ನಿಬ್ಬರೂ ಅವಳ ಮೇಲೆ ಬಿದ್ದರು. ಗಂಗಾ ಆ ಆಪರೇಷನ್ ಆದ ಕಾಲಿನ ಮೇಲೆ ನೆಗೆದಳು. ಅವಳ ಜೊತೆ ಮೂವರೂ ನೆಗೆದರು. ಅಷ್ಟು ಕೈಗಳ ಮಧ್ಯೆಯೂ ಅವಳಿಗೆ ದಾರಿ ಇತ್ತು, ಅವಳು ಹಾಕಬಹುದಿತ್ತು, ನಾನು ಕುರ್ಚಿಯ ಮೇಲಿನಿಂದ ನೋಡಿದ್ದೇನೆ. ಅವಳ ಕಣ್ಣು ಮಾತ್ರ ಕೆಳಗಿತ್ತು. ಬುಟ್ಟಿಯ ಅಡಿಯಲ್ಲಿ ಶಿವಾನಿ ಒಬ್ಬಳೇ ನಿಂತಿದ್ದಳು, ಯಾರೂ ಕಾಯದವಳು, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದವಳು.

ಬಾಲ್ ಶಿವಾನಿಯ ಎದೆಗೆ ಬಂತು. ಓಡಿಹೋಗಲು ಅವಳಿಗೆ ಸಮಯವೇ ಇರಲಿಲ್ಲ. ಕಣ್ಣು ಮುಚ್ಚಿಕೊಂಡೇ ಹಾಕಿದಳೆಂದು ಆಮೇಲೆ ಅವಳೇ ಒಪ್ಪಿಕೊಂಡಳು. ಬಾಲ್ ಹಲಗೆಗೆ ತಾಗಿ, ಕಂಬಿಯ ಮೇಲೆ ಒಂದು ಸುತ್ತು ಹಾಕಿ, ಒಳಗೆ ಬಿತ್ತು. ಉದ್ದನೆಯ ವಿಷಲ್ ಊದಿದರು.

ಒಂದು ಕ್ಷಣ ಯಾರಿಗೂ ಏನಾಯಿತೆಂದೇ ಗೊತ್ತಾಗಲಿಲ್ಲ. ಗಂಗಾ ಯಾಕೆ ಹೊಡೆಯಲಿಲ್ಲ ಎಂದು ಹಿಂದೆ ಯಾರೋ ತೆಲುಗಿನಲ್ಲಿ ಗೊಣಗಿದರು. ಆಮೇಲೆ ಕೋರ್ಟು ಹುಚ್ಚೆದ್ದಿತು. ಪ್ಯಾಕಿಂಗ್ ಸೆಕ್ಷನ್ನಿನ ಹೆಂಗಸರೆಲ್ಲ ನುಗ್ಗಿ ಶಿವಾನಿಯನ್ನು ಎತ್ತಿಕೊಂಡರು. ಅವಳು ಜೋರಾಗಿ ಅಳುತ್ತಿದ್ದಳು. ಗಂಗಾ ಮೊಣಕಾಲು ಹಿಡಿದುಕೊಂಡು ನೆಲದ ಮೇಲೆ ಕೂತೇ ಅವಳನ್ನು ನೋಡಿ ನಗುತ್ತಿದ್ದಳು. ಇಂಥ ನಗು ಅವಳ ಮುಖದಲ್ಲಿ ಇರುತ್ತದೆಂದು ನನಗೆ ಅವತ್ತಿನವರೆಗೆ ಗೊತ್ತೇ ಇರಲಿಲ್ಲ.

ಆಮೇಲೆ ಕುಂಟುತ್ತ ನೇರ ಕೋದಂಡರಾಮಪ್ಪನವರ ಮುಂದೆ ಬಂದು ನಿಂತಳು. ಮಾತು ಕೊಟ್ಟಿದ್ದಳಲ್ಲ, ಹೇಳಿಯೇ ಬಿಡಬೇಕು. ಸರ್, ಎಲ್ಲರಿಗಿಂತ ಹೆಚ್ಚು ನನ್ನದಾಗಲಿಲ್ಲ, ಈ ಒಪ್ಪಂದ ಎಂದು ಶುರು ಮಾಡಿದಳು. ವೇಣು ತಲೆ ತಗ್ಗಿಸಿ ಚಪ್ಪಲಿ ನೋಡುತ್ತಿದ್ದ. ಕೋದಂಡರಾಮಪ್ಪನವರು ಕೈ ಅಡ್ಡ ಮಾಡಿದರು.

“ಬೆಂಗ್ಳೂರಲ್ಲಿ ನಿನ್ನ ಮೊದಲ್ನೇ ಸಲ ನೋಡ್ದಾಗ ನೀನು ಒಂದು ಬುಟ್ಟೀನೂ ಹಾಕ್ಲಿಲ್ಲ ಕಣಮ್ಮ. ಪಕ್ಕದಲ್ಲಿದ್ದ ಮಕ್ಕಳ ಕೈಲಿ ಹಾಕಿಸ್ತಾ ಇದ್ದೆ. ನಮ್ಮ ಹುಡ್ಗೀರ ಕೈಲೂ ಹಾಗೆ ಹಾಕಿಸ್ಲಿ ಅಂತ ಕರ್ಕೊಂಡು ಬಂದೆ. ಊರಿಗೆ ಅದನ್ನ ಹೇಳ್ದೆ, ಬರೀ ಫ್ಲೆಕ್ಸ್ ಹಾಕಿಸಿದ್ನಲ್ಲ, ಅದು ನನ್ ತಪ್ಪು.”

ಅಷ್ಟು ಹೇಳಿ, ಇನ್ನೆರಡು ವರ್ಷ ಇಲ್ಲೇ ಇರುತ್ತೀಯ ತಾನೇ ಎಂದು ಕೇಳಿದರು. ಅವಳು ಹೂಂ ಎಂದು ತಲೆಯಾಡಿಸಿದಳು, ಕಣ್ಣು ತುಂಬಿಕೊಂಡಿತ್ತು. ವೇಣು ಹೋಗಿ ಅವಳಿಗೆ ಐಸ್ ತಂದುಕೊಟ್ಟ. ನನ್ನ ವಿಷಲ್ಲನ್ನೂ ರೆಫರಿಯಿಂದ ಅವನೇ ಬಿಡಿಸಿಕೊಂಡು ಬಂದ. ಅಲ್ಲಿಗೆ ನಾನು ಅವನ ಮೇಲಿನ ಸಿಟ್ಟು ಬಿಟ್ಟೆ, ಪೂರ್ತಿಯಾಗಿ ಅಲ್ಲ.

ನಮ್ಮನ್ನು ಮನೆಯವರೆಗೂ ಮೆರವಣಿಗೆಯಲ್ಲೇ ತಂದು ಬಿಟ್ಟರು. ಬೀದಿಯ ತುದಿಯಲ್ಲಿ ಪಟಾಕಿ ಹಚ್ಚಿದರು. ಸದ್ದು ಕೇಳಿ ಅತ್ತೆ ಜ್ವರದಲ್ಲೇ ಎದ್ದು, ಕೋಲು ಊರಿಕೊಂಡು ಬಾಗಿಲಿಗೆ ಬಂದಿದ್ದರು. ಕಣ್ಣು ಕಾಣದು, ಯಾರು ಗೆದ್ದರೋ ತಿಳಿಯದು, ಮುಂದೆ ಜನರ ಗದ್ದಲ. ಗಂಗಾ ನನ್ನ ಭುಜ ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು. ಅತ್ತೆ ಗಾಳಿಯಲ್ಲಿ ಕೈ ಚಾಚಿ ನನ್ನ ಸೆರಗು ಹಿಡಿದು, ತೆಲುಗಿನಲ್ಲಿ, ಹೊಡೆದಳಾ ಎಂದು ಕೇಳಿದರು.

“ಕೊಟ್ಟಿಂದಾ?”

ತೆಲುಗಿನಲ್ಲಿ ಹೇಳಲು ಹೋದೆ, ಬಾಯಿಗೆ ಕನ್ನಡವೇ ಬಂತು. ಅತ್ತೆಯ ಕೈಯನ್ನು ಗಂಗಾಳ ಕೈಯಲ್ಲಿಟ್ಟೆ.

“ಕೊಟ್ಳು ಅತ್ತೆ,” ಎಂದೆ. “ಕೊಟ್ಳು.”